ಚಾಳಿನ ಕಟ್ಟೆಯಿಂದ: ನಮ್ಮ ಸರದಿಯ ರವಿವಾರ

ಪರಸ್ಥಳದಲ್ಲಿ ನೆಲಸಿದ ಕನ್ನಡಿಗರ ಯಾವ ಮನೆಗೆ ಹೋಗಿರಿ, ಊಟ ಮುಗಿದು ಎಲೆ ಅಡಿಕೆಯ ತಟ್ಟೆ ನಡುವೆ ಬಂದಿತೆಂದರೆ ಮಾತು ಮೂರೇ ದಾರಿ ಹಿಡಿಯುತ್ತದೆ. ಒಂದು, ಊರಲ್ಲಿರುವ ಮನೆಯ ಪಾಲು. ಎರಡು, ಮಕ್ಕಳ ಕನ್ನಡ. ಮೂರು, ಹಿಂದಿನ ಟೀವಿ. ಮೊದಲನೆಯದು ಜಗಳದಲ್ಲಿ ಮುಗಿಯುತ್ತದೆ, ಎರಡನೆಯದು ನಿಟ್ಟುಸಿರಿನಲ್ಲಿ. ಮೂರನೆಯದಕ್ಕೆ ಮಾತ್ರ ಮುಗಿಯುವುದೆಂಬುದೇ ಇಲ್ಲ. ಯಾರೋ ಒಬ್ಬರು ಮಾಲ್ಗುಡಿಯ ರಾಗ ಗುನುಗಿದರೆ ಸಾಕು, ನಲವತ್ತು ದಾಟಿದ ಗಂಡಸರೂ ಹೆಂಗಸರೂ ಬಾಯಿ ಮುಚ್ಚಿಕೊಂಡೇ ಹಾಡತೊಡಗುತ್ತಾರೆ. ಈ ಸಲ ಆ ಮೂರನೆಯ ವಿಚಾರವನ್ನೇ ತೆಗೆದುಕೊಂಡಿದ್ದೇನೆ. ಎರಡನೆಯದೂ ನಡುನಡುವೆ ಹಣಕಿ ಹಾಕಿದರೆ ವಾಚಕರು ಬೇಸರಿಸಬಾರದು. ಅವೆರಡೂ ಒಂದೇ ಮನೆಯಲ್ಲಿ ಬೆಳೆದವು.

ನಮ್ಮ ದೇಶದಲ್ಲಿ ದೂರದರ್ಶನ ಹುಟ್ಟಿದ್ದು ದಿಲ್ಲಿಯಲ್ಲಿ, 1959ರ ಸೆಪ್ಟೆಂಬರ್ 15ರಂದು. ಮುಂಬಯಿಗೆ ಅದು ಬರುವ ಹೊತ್ತಿಗೆ 1972ರ ಗಾಂಧೀ ಜಯಂತಿಯಾಯಿತು. ಮದರಾಸಿಗೆ 1975ರಲ್ಲಿ. ಬಣ್ಣ ಬಂದದ್ದು 1982ರಲ್ಲಿ, ದಿಲ್ಲಿಯ ಏಷ್ಯಾಡ್ ಆಟಗಳ ವರ್ಷ. ಹೀಗಾಗಿ ಊರಲ್ಲಿದ್ದ ನಮ್ಮ ಬಂಧುಗಳಿಗಿಂತ ಬಹಳ ಮೊದಲೇ ಟೀವಿ ಕಂಡವರು ನಾವು, ವಲಸೆ ಬಂದ ಬಡಪಾಯಿಗಳು. ರಜೆಗೆ ಗದಗಿಗೆ ಹೋದಾಗ ಈ ಒಂದು ವಿಷಯದಲ್ಲಿ ನಮಗಿದ್ದ ದೌಲತ್ತು ಅಷ್ಟಿಷ್ಟಲ್ಲ. ಆದರೆ ನಮ್ಮ ಕಕ್ಕ ಒಂದೇ ಪ್ರಶ್ನೆಗೆ ಅದನ್ನು ಇಳಿಸಿಬಿಡುತ್ತಿದ್ದ: “ಅದರಾಗ ಕನ್ನಡ ಬರತೈತೇನೋ?”

ಬರುತ್ತಿರಲಿಲ್ಲ. ಮುಂಬಯಿ ಕೇಂದ್ರದಲ್ಲಿ ಮರಾಠಿ ಇತ್ತು, ಗುಜರಾತಿ ಇತ್ತು, ಹಿಂದಿ ಇತ್ತು. ವಾರಕ್ಕೊಮ್ಮೆ ‘ಛಾಯಾಗೀತ್’ ಎಂಬ ಹಾಡುಗಳ ಕಾರ್ಯಕ್ರಮವಿತ್ತು. ಮದರಾಸಿನಲ್ಲಿದ್ದ ನಮ್ಮ ಸೋದರತ್ತೆಯ ಮಕ್ಕಳಿಗೆ ಶುಕ್ರವಾರದ ‘ಒಳಿಯುಂ ಒಲಿಯುಂ’ ಎಂದರೆ ಪ್ರಾಣ. ಹೈದರಾಬಾದಿನವರಿಗೆ ‘ಚಿತ್ರಲಹರಿ’, ದಿಲ್ಲಿಯವರಿಗೆ ‘ಚಿತ್ರಹಾರ’. ಮೇ ತಿಂಗಳಲ್ಲಿ ಅಜ್ಜನ ಮನೆಯ ಪಡಸಾಲೆಯಲ್ಲಿ ಎಲ್ಲರೂ ಕೂಡಿದಾಗ ನಾಲ್ಕು ಭಾಷೆಗಳಲ್ಲಿ ಹಾಡಿನ ಪಂದ್ಯ ನಡೆಯುತ್ತಿತ್ತು. ಕನ್ನಡದ ಹಾಡು ಹೇಳಬೇಕೆಂದರೆ ಊರಲ್ಲೇ ಉಳಿದ ಹುಡುಗರನ್ನು ಕರೆಯಬೇಕು!

ಇಂಥ ಬರಗಾಲದಲ್ಲಿ ನಮಗೆ ಎರಡು ಹನಿ ಬೀಳುತ್ತಿದ್ದುವು. ಒಂದು ‘ಚಿತ್ರಮಾಲಾ’. ಅದರಲ್ಲಿ ದೇಶದ ಬೇರೆ ಬೇರೆ ಭಾಷೆಗಳ ಸಿನಿಮಾ ಹಾಡುಗಳನ್ನು ಒಂದೊಂದರಂತೆ ತೋರಿಸುತ್ತಿದ್ದರು. ತಮಿಳು ಹೋಯಿತು, ಬಂಗಾಳಿ ಹೋಯಿತು, ಪಂಜಾಬಿ ಹೋಯಿತು ಎಂದು ನಾವು ಎಣಿಸುತ್ತ ಕೂಡುವುದು. ಅಡಿಗೆಮನೆಯಲ್ಲಿದ್ದ ಅವ್ವನಿಗೆ ತಂಗಿ ಬಾಗಿಲಲ್ಲಿ ನಿಂತು ವರದಿ ಒಪ್ಪಿಸುವುದು. ಕನ್ನಡದ ಹಾಡು ಬಂದಿತೆಂದರೆ “ಬಂತವ್ವಾ!” ಎಂಬ ಕೂಗು ಇಡೀ ಮಾಳಿಗೆಗೆ ಕೇಳಿಸಬೇಕು. ಹಿಟ್ಟಿನ ಕೈಯಲ್ಲೇ ಅವ್ವ ಓಡಿ ಬರುವಷ್ಟರಲ್ಲಿ ಅರ್ಧ ಚರಣ ಮುಗಿದಿರುತ್ತಿತ್ತು. ಉಳಿದರ್ಧವನ್ನು ಆಕೆ ನಿಂತೇ ಕೇಳುತ್ತಿದ್ದಳು. ಕೂತರೆ ಎಲ್ಲಿ ಮುಗಿದುಬಿಡುವುದೋ ಎಂಬಂತೆ.

ಇನ್ನೊಂದು, ರವಿವಾರ ಮಧ್ಯಾಹ್ನದ ಪ್ರಾದೇಶಿಕ ಭಾಷೆಯ ಚಲನಚಿತ್ರ. ಕಿವಿ ಕೇಳಿಸದವರಿಗಾಗಿ ಕೈಸನ್ನೆಯ ವಾರ್ತೆ ಮುಗಿದ ಮೇಲೆ ಅದು. ಒಂದೊಂದು ವಾರ ಒಂದೊಂದು ಭಾಷೆ. ಅಸಮಿಯಾ, ಮಲಯಾಳಂ, ಒಡಿಯಾ ಎಲ್ಲರ ಮನೆಯ ಮದುವೆ ಮುಗಿದು ನಮ್ಮ ಸರದಿ ಬರಬೇಕಾದರೆ ತಿಂಗಳುಗಳೇ ಉರುಳಬೇಕು. ಪತ್ರಿಕೆಯ ಮೂಲೆಯಲ್ಲಿ ‘ಕನ್ನಡ’ ಎಂಬ ಅಕ್ಷರ ಕಂಡ ವಾರವೆಲ್ಲ ನಮ್ಮ ಮನೆಯಲ್ಲಿ ಹಬ್ಬದ ತಯಾರಿ. ನಮ್ಮ ಚಾಳಿನಲ್ಲಿ ಇದ್ದ ಕನ್ನಡದ ಮನೆಗಳು ಮೂರು, ಟೀವಿ ಇದ್ದದ್ದು ನಮ್ಮಲ್ಲಿ. ಮರದ ಪೆಟ್ಟಿಗೆ, ಅದಕ್ಕೆ ಅಂಗಡಿಯ ಬಾಗಿಲಿನಂತೆ ಎಳೆಯುವ ಕದ, ಮೇಲೆ ಅವ್ವ ಕಸೂತಿ ಹಾಕಿದ ಬಟ್ಟೆ. ಉಳಿದೆರಡು ಮನೆಯವರೂ ತಮ್ಮ ತಮ್ಮ ಚಾಪೆ ಹಿಡಿದು ಬರುವರು. ಉಡುಪಿಯ ಕಡೆಯ ಹೋಟೆಲಿನವರೊಬ್ಬರು ಗೋಳಿಬಜೆ ತರುವುದು ವಾಡಿಕೆ. ಅವರ ಕನ್ನಡ ನಮ್ಮ ಅಜ್ಜಿಗೆ ತಿಳಿಯದು, ಅಜ್ಜಿಯ ಕನ್ನಡ ಅವರಿಗೆ ತಿಳಿಯದು. ಗೋಳಿಬಜೆ ಮಾತ್ರ ಇಬ್ಬರಿಗೂ ತಿಳಿಯುತ್ತಿತ್ತು.

ಬರುತ್ತಿದ್ದ ಚಿತ್ರಗಳು ರಾಷ್ಟ್ರಪತಿಗಳ ಪದಕ ಪಡೆದ ಜಾತಿಯವು. ಬಿ. ವಿ. ಕಾರಂತರ ‘ಚೋಮನ ದುಡಿ’ಗೆ 1975ರ ಸ್ವರ್ಣಕಮಲ, ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ 1977ರದು. ಒಳ್ಳೆಯ ಚಿತ್ರಗಳೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ರಾಜಕುಮಾರರ ಹಾಡಿಗಾಗಿ ಆರು ತಿಂಗಳು ಕಾದ ಚಾಳಿನ ಜನದ ಮುಂದೆ ಉಳಲು ತುಂಡು ಭೂಮಿಯಿಲ್ಲದ ಚೋಮ ದುಡಿ ಬಡಿಯುತ್ತಿದ್ದರೆ ನಾವು ಹುಡುಗರು ಗೋಳಿಬಜೆಯ ಕಡೆ ನೋಡದೆ ಏನು ಮಾಡಬೇಕು? ನೆರೆಯ ಮರಾಠಿ ಅಜ್ಜಿಯೊಬ್ಬರು ಸೌಜನ್ಯಕ್ಕೆ ಬಂದು ಕೂಡುತ್ತಿದ್ದರು. ಎರಡು ಮೂರು ಚಿತ್ರ ನೋಡಿದ ಮೇಲೆ, “ನಿಮ್ಮ ಕಡೆ ಯಾರೂ ನಗುವುದೇ ಇಲ್ಲವೇನು?” ಎಂದು ಅವ್ವನನ್ನು ಮೆಲ್ಲಗೆ ಕೇಳಿದರು. “ನಗತಾರ, ಆದರ ದಿಲ್ಲಿಯವರು ಅದಕ್ಕ ಪದಕ ಕೊಡೂದಿಲ್ಲ” ಎಂದು ಅವ್ವ ಉತ್ತರ ಕೊಟ್ಟಳು. ಅದನ್ನು ಮರಾಠಿಗೆ ತಿರುಗಿಸುವ ಕೆಲಸ ನನ್ನ ಪಾಲಿಗೆ ಬಂತು.

ಇರಲಿ. ನಗುವ ಕನ್ನಡಿಗರು ಬಂದದ್ದು ಬೇರೆ ಬಾಗಿಲಿನಿಂದ. 1986ರಲ್ಲಿ ಶಂಕರನಾಗ್ ‘ಮಾಲ್ಗುಡಿ ಡೇಸ್’ ತೆಗೆದರು. ಈ ಒಂದು ಧಾರಾವಾಹಿಯ ವಿಚಾರಕ್ಕೆ ಸಂಪಾದಕರು ಇಡೀ ಸಂಚಿಕೆ ಕೊಟ್ಟರೂ ತುಂಬಿಸಬಲ್ಲೆ. ನೋಡಿರಿ, ಇದರ ವಂಶವೃಕ್ಷವೇ ಒಂದು ವಿಚಿತ್ರ. ಬರೆದವರು ಆರ್. ಕೆ. ನಾರಾಯಣ್, ಮನೆಮಾತು ತಮಿಳು, ವಾಸ ಮೈಸೂರು, ಬರವಣಿಗೆ ಇಂಗ್ಲಿಷ್. ‘ಸ್ವಾಮಿ ಆ್ಯಂಡ್ ಫ್ರೆಂಡ್ಸ್’ ಪುಸ್ತಕ ಬಂದದ್ದು 1935ರಲ್ಲಿ. ಚಿತ್ರ ಬರೆದವರು ಅವರ ತಮ್ಮ ಆರ್. ಕೆ. ಲಕ್ಷ್ಮಣ್, ಮೈಸೂರಿನಿಂದ ಮುಂಬಯಿಗೆ ಬಂದು ನೆಲಸಿ, ಪತ್ರಿಕೆಯ ಮೊದಲ ಪುಟದಲ್ಲಿ ಶ್ರೀಸಾಮಾನ್ಯನನ್ನು ನಿಲ್ಲಿಸಿದವರು. ಸಂಗೀತ ಎಲ್. ವೈದ್ಯನಾಥನ್. ಧಾರಾವಾಹಿಯ ಭಾಷೆ ಹಿಂದಿ, ಕೆಲವು ಭಾಗ ಇಂಗ್ಲಿಷ್. ಇಷ್ಟೆಲ್ಲ ಆದ ಮೇಲೆ ತೆರೆಯ ಮೇಲೆ ಮೂಡಿದ ಮುಖಗಳು ಯಾರವು? ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ ಕಾರ್ನಾಡ್, ಅವ್ವನಾಗಿ ವೈಶಾಲಿ ಕಾಸರವಳ್ಳಿ, ಮಿಠಾಯಿ ಅಂಗಡಿಯ ಜಗನ್ ಆಗಿ ಅನಂತನಾಗ್! ಮಳೆಗೆ ಹೆಸರಾದ ಆಗುಂಬೆಯ ಬೀದಿಯೇ ಮಾಲ್ಗುಡಿಯ ಬೀದಿ. ಶಿವಮೊಗ್ಗೆಯಿಂದ ತಾಳಗುಪ್ಪಕ್ಕೆ ಹೋಗುವ ಹಾದಿಯ ಅರಸಾಳು ಎಂಬ ಪುಟ್ಟ ಸ್ಟೇಶನ್ನೇ ಮಾಲ್ಗುಡಿಯ ಸ್ಟೇಶನ್. 2020ರಲ್ಲಿ ಅಲ್ಲಿಯ ಹಳೆಯ ಕಟ್ಟಡವನ್ನು ಮಾಲ್ಗುಡಿಯ ವಸ್ತುಸಂಗ್ರಹಾಲಯವನ್ನಾಗಿ ಮಾಡಿದ್ದಾರೆ.

ನಮ್ಮ ಚಾಳಿನಲ್ಲಿ ಅದನ್ನು ಎಲ್ಲ ಮನೆಯವರೂ ನೋಡಿದರು. ಮರಾಠಿಯವರಿಗೆ ಅದು ಹಿಂದಿಯ ಧಾರಾವಾಹಿ, ಗುಜರಾತಿಗಳಿಗೂ ಅಷ್ಟೆ. ನಮಗೆ ಮಾತ್ರ ಅದು ಗುಟ್ಟಿನ ಕನ್ನಡ. ಆ ಹಿಂದಿಯ ಅಡಿಯಲ್ಲಿ ನಮ್ಮ ನಾಲಗೆಯ ಮೊಡಕು ಇತ್ತು. ಜಗಲಿ ನಮ್ಮದು, ಕಂಬ ನಮ್ಮದು, ಹೆಂಗಸರು ಸೆರಗು ಸಿಕ್ಕಿಸುವ ರೀತಿ ನಮ್ಮದು. “ಈ ಮಂದಿ ಹಿಂದೀ ಆಡಿದರೂ ನಮ್ಮಂಗನ ಕೂಡತಾರ ನೋಡು” ಎಂದು ಅಜ್ಜಿ ಹೇಳಿದ್ದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಇನ್ನೂ ಓದಿಲ್ಲ.

ಶಂಕರನಾಗರ ಬಗ್ಗೆ ನಮ್ಮ ಮುಂಬಯಿಯವರಿಗೆ ಇನ್ನೊಂದು ಸಲಿಗೆ. ಉತ್ತರ ಕನ್ನಡದಲ್ಲಿ ಹುಟ್ಟಿದ ಈ ತರುಣ ಬೆಳೆದದ್ದು ಮುಂಬಯಿಯಲ್ಲಿ. ಇಲ್ಲಿಯ ಬ್ಯಾಂಕಿನಲ್ಲಿ ಕೆಲಸ ಮಾಡಿ, ಸಂಜೆ ಮರಾಠಿ ರಂಗಭೂಮಿಯಲ್ಲಿ ದುಡಿದವರು. ‘ಒಂದಾನೊಂದು ಕಾಲದಲ್ಲಿ’ ಚಿತ್ರಕ್ಕಾಗಿ ಕರೆ ಬಂದಾಗ ಕನ್ನಡ ನಾಡಿಗೆ ಹೊರಟರು. ಅಂದರೆ ನಮ್ಮೊಳಗಿನವನೇ ಒಬ್ಬ, ತಿರುಗಿ ಹೋದವನು. ನಮ್ಮ ತಂದೆಯ ತಲೆಮಾರಿನ ಎಷ್ಟೋ ಜನ ‘ಇನ್ನೈದು ವರ್ಷ, ಆಮೇಲೆ ಊರು’ ಎನ್ನುತ್ತ ಇಲ್ಲೇ ಪೆನ್ಶನ್ ತೆಗೆದುಕೊಂಡರು. ಆತ ಹೋಗಿ ತೋರಿಸಿದ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಹತ್ತಿರ ರಸ್ತೆಯ ಅಪಘಾತದಲ್ಲಿ ಆತ ತೀರಿಕೊಂಡ ಸುದ್ದಿ ಬಂದಾಗ ವಯಸ್ಸು ಇನ್ನೂ ಮೂವತ್ತಾರು ತುಂಬಿರಲಿಲ್ಲ. ಆ ದಿನ ನಮ್ಮ ಚಾಳಿನ ಮೂರು ಮನೆಗಳಲ್ಲೂ ಒಲೆ ತಡವಾಗಿ ಹೊತ್ತಿತು.

ಮಾಲ್ಗುಡಿಯಲ್ಲಿ ನಲವತ್ತೈದು ರೂಪಾಯಿ ಸಂಬಳದ ಕಥೆಯೊಂದಿದೆ. ವಾಚಕರಲ್ಲಿ ಹಲವರಿಗೆ ನೆನಪಿದ್ದೀತು. ಕಾರಕೂನ ವೆಂಕಟರಾವ್ ಮಗಳು ಶಾಂತಾಳಿಗೆ ಆ ಸಂಜೆ ಸಿನಿಮಾಕ್ಕೆ ಕರೆದೊಯ್ಯುವ ಮಾತು ಕೊಡುತ್ತಾನೆ. ಮಗು ಶಾಲೆಯಿಂದ ಬಂದು, ಜರತಾರಿಯ ಕನಸು ಕಾಣುತ್ತ ಸಿಂಗರಿಸಿಕೊಂಡು ಕಾಯುತ್ತದೆ. ಆಫೀಸಿನಲ್ಲಿ ಇವನಿಗೆ ಬಿಡುವಿಲ್ಲ. ಸಿಟ್ಟಿನಿಂದ ರಾಜೀನಾಮೆ ಬರೆಯುತ್ತಾನೆ. ಅಷ್ಟರಲ್ಲಿ ಸಂಬಳ ಐದು ರೂಪಾಯಿ ಹೆಚ್ಚಾದ ಪತ್ರ ಕೈಗೆ ಬರುತ್ತದೆ. ರಾಜೀನಾಮೆ ಜೇಬಿಗೆ ಹೋಗುತ್ತದೆ. ಮನೆ ಮುಟ್ಟುವಷ್ಟರಲ್ಲಿ ರಾತ್ರಿಯಾಗಿ ಮಗು ಹಾಗೇ ಮಲಗಿಬಿಟ್ಟಿದೆ. ಧಾರಾವಾಹಿಯಲ್ಲಿ ವೆಂಕಟರಾವ್ ಆದವರು ವಿಷ್ಣುವರ್ಧನ್. ಕನ್ನಡ ಚಿತ್ರಗಳಲ್ಲಿ ಹತ್ತು ಜನರನ್ನು ಹೊಡೆದುರುಳಿಸುವ ನಾಯಕ ಇಲ್ಲಿ ಕಡತದ ಮುಂದೆ ಕುಗ್ಗಿ ಕೂತಿದ್ದ.

ನಮ್ಮ ತಂದೆ ಕೋಟೆ ಭಾಗದ ಒಂದು ಖಾಸಗಿ ಕಂಪನಿಯಲ್ಲಿ ಗುಮಾಸ್ತೆಯಾಗಿದ್ದರು. ಬೆಳಿಗ್ಗೆ ಎಂಟರ ಲೋಕಲ್, ರಾತ್ರಿ ಎಂಟೂವರೆಯ ಲೋಕಲ್. ಮಾಲ್ಗುಡಿಯ ಅರ್ಧ ಅವರಿಗೆ ತಪ್ಪುತ್ತಿತ್ತು. ಅಂದು ಅದೇನಾಗಿತ್ತೋ, ಬೇಗ ಬಂದಿದ್ದರು. ಕೋಟು ಕೂಡ ತೆಗೆಯದೆ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಕಥೆ ಪೂರ್ತಿ ನೋಡಿದರು. ಮುಗಿದ ಮೇಲೆ ಯಾರೂ ಮಾತಾಡಲಿಲ್ಲ. ತಂಗಿಗೆ ಆಗ ಆರು ವರ್ಷ. ಆಕೆ ಮಾತ್ರ, “ಅಪ್ಪಾ, ಆ ಹುಡಿಗಿ ಮರುದಿನ ಸಿನಿಮಾಕ್ಕ ಹೋದಳೇನು?” ಎಂದಳು. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋಗಿರಬೇಕವಾ” ಎಂದರು. ನಾರಾಯಣರು ಹಾಗೆ ಬರೆದಿಲ್ಲವೆಂಬುದು ನನಗೆ ಆಗ ತಿಳಿದಿರಲಿಲ್ಲ. ಮುಂದಿನ ಶನಿವಾರ ನಾವೆಲ್ಲ ಸಮುದ್ರ ನೋಡಲು ಚೌಪಾಟಿಗೆ ಹೋದೆವು. ಅದಕ್ಕೂ ಇದಕ್ಕೂ ಸಂಬಂಧವಿತ್ತೆಂದು ತಂದೆ ಎಂದೂ ಒಪ್ಪಿಲ್ಲ.

ಇನ್ನು ಅಜ್ಜಿಯ ವಿಚಾರ. ಆಗಿನ ಧಾರವಾಡ ಜಿಲ್ಲೆಯ ಗದಗಿನವಳು. ಮುಂಬಯಿಗೆ ಬಂದು ಹತ್ತು ವರ್ಷವಾದರೂ ಹಿಂದಿಯ ಒಂದು ಅಕ್ಷರ ಬಾಯಿಗೆ ಹತ್ತಿರಲಿಲ್ಲ. ಕಾಯಿಪಲ್ಲೆಯವನೇ ಕನ್ನಡ ಕಲಿತಿದ್ದ. 1987ರ ಜನವರಿ 25ರಂದು ರಾಮಾನಂದ ಸಾಗರರ ‘ರಾಮಾಯಣ’ ಸುರುವಾಯಿತು. ಅಜ್ಜಿ ಸ್ನಾನ ಮಾಡಿ, ಮಡಿಯುಟ್ಟು, ಟೀವಿಯ ಮುಂದೆ ಎರಡು ಹೂ ಇಟ್ಟು ಕೂತಳು. ರಾಮ ತೆರೆಯ ಮೇಲೆ ಬಂದದ್ದೇ ತಡ, “ಅಯ್ಯs, ಇಂವ ಬೇತಾಳನ್ನ ಹೊತಗೊಂಡು ತಿರಗತಿದ್ದ ವಿಕ್ರಮಾದಿತ್ಯ ಅಲ್ಲೇನೋ?” ಎಂದಳು. ಹೌದು, ‘ವಿಕ್ರಮ್ ಔರ್ ಬೇತಾಳ್’ ಧಾರಾವಾಹಿಯ ವಿಕ್ರಮನೂ ಅರುಣ್ ಗೋವಿಲರೇ. “ಹೆಣಾ ಹೊತ್ತ ಪುಣ್ಯಾಕ್ಕ ರಾಮ ಆದ ಬಿಡು” ಎಂದು ಆಕೆಯೇ ಸಮಾಧಾನ ಮಾಡಿಕೊಂಡಳು.

ಹಿಂದಿಯ ಸಂಸ್ಕೃತಮಯ ಮಾತುಗಳು ಅಜ್ಜಿಗೆ ತಿಳಿಯುವುದು ಸುಲಭವಾಯಿತು. ಪಿತಾಶ್ರೀ, ಆಜ್ಞಾ, ವಚನ, ವನವಾಸ — ಇವಕ್ಕೆ ಅರ್ಥ ಹೇಳಬೇಕೇ? ಆರು ತಿಂಗಳಲ್ಲಿ ಆಕೆ ಬಾಗಿಲಿಗೆ ಬಂದ ಹಾಲಿನವನಿಗೆ ರಾಮಾಯಣದ ಹಿಂದಿಯಲ್ಲಿ ಆಜ್ಞೆ ಮಾಡತೊಡಗಿದಳು. ಆತ ಉತ್ತರ ಪ್ರದೇಶದವನು, ಕೈಜೋಡಿಸಿ ನಿಲ್ಲುತ್ತಿದ್ದ.

ಆದರೆ 1988ರ ಅಕ್ಟೋಬರದಲ್ಲಿ ಬಿ. ಆರ್. ಛೋಪ್ರಾ ಅವರ ‘ಮಹಾಭಾರತ’ ಬಂದಾಗ ಸ್ವಲ್ಪ ಘರ್ಷಣೆಯಾಯಿತು. ಗದಗಿನ ವೀರನಾರಾಯಣನ ಗುಡಿಯ ಕಂಬದ ಬಳಿ ಭಾರತ ಕೇಳಿ ಬೆಳೆದವಳು ಆಕೆ, ಭಾರತವೆಂದರೆ ನಾರಣಪ್ಪನದು. ವಿರಾಟಪರ್ವ ಬಂದು, ಉತ್ತರಕುಮಾರ ರಥವೇರಿ, ಹೆದರಿ, ವಾಪಸು ಬಂದದ್ದು ಟೀವಿಯಲ್ಲಿ ಬೇಗ ಮುಗಿದುಹೋಯಿತು. ಅಜ್ಜಿ ಎದ್ದೇಬಿಟ್ಟಳು. “ಇಷ್ಟನ? ಹೆಂಗಸರ ಮುಂದ ಆಂವ ಕೊಚ್ಚಿಕೊಂಡದ್ದೆಲ್ಲಿ ಹೋತು? ನಾರಣಪ್ಪ ಎಷ್ಟ ಛಂದ ಹೇಳ್ಯಾನ!” ಅಂದು ಮಧ್ಯಾಹ್ನ ಊಟವಾದ ಮೇಲೆ ಚಾಳಿನ ಮಕ್ಕಳನ್ನೆಲ್ಲ ಕರೆದು ತಾನೇ ಹೇಳಿದಳು. ಉತ್ತರನ ಜಂಭ, ಮೀಸೆ ತಿರುವುವ ರೀತಿ, ಕೌರವ ಸೇನೆ ಕಂಡೊಡನೆ ರಥದಿಂದ ಧುಮುಕಿ ಓಡಿದ್ದು, ಬೃಹನ್ನಳೆ ಬೆನ್ನಟ್ಟಿದ್ದು. ಎಪ್ಪತ್ತು ವರ್ಷದ ಮುದುಕಿ ಗ್ಯಾಲರಿಯಲ್ಲಿ ಓಡಿ ತೋರಿಸಿದಳು! ಮರಾಠಿ ಮಕ್ಕಳೂ ಬಿದ್ದು ಬಿದ್ದು ನಕ್ಕುವು. ಭಾಷೆ ತಿಳಿಯದಿದ್ದರೂ ಹೇಡಿ ಯಾರಿಗೆ ತಿಳಿಯುವುದಿಲ್ಲ? ಅಂದಿನಿಂದ ರವಿವಾರ ಬೆಳಿಗ್ಗೆ ಛೋಪ್ರಾ ಅವರದು, ಮಧ್ಯಾಹ್ನ ಅಜ್ಜಿಯದು. ಟೀವಿ ಬಂದು ಅಜ್ಜಿಯರ ಕಥೆಯನ್ನು ಕೊಂದಿತೆಂದು ಭಾಷಣ ಮಾಡುವವರನ್ನು ಕಂಡಾಗ ನನಗೆ ಈ ಮಾತು ಹೇಳಬೇಕೆನಿಸುತ್ತದೆ. ನಮ್ಮ ಮನೆಯಲ್ಲಂತೂ ಟೀವಿ ಅಜ್ಜಿಯನ್ನು ಕೆಣಕಿತು, ಆಕೆ ಬಾಯಿ ಬಿಟ್ಟಳು. ಅದಕ್ಕೂ ಮೊದಲು ಆಕೆ ನಮಗೆ ಭಾರತ ಹೇಳಿದ್ದಿಲ್ಲ.

ಅದೇ 1988ರ ಆಗಸ್ಟ್ 15ರಂದು ‘ಮಿಲೇ ಸುರ್’ ಹಾಡು ಬಂದಾಗಲೂ ಅಜ್ಜಿಗೆ ಹೆಮ್ಮೆ. ಮೊದಲ ದನಿ ಭೀಮಸೇನ ಜೋಶಿಯವರದು, ಗದಗಿನ ಮಣ್ಣಿನಿಂದ ಬಂದು ಪುಣೆಯಲ್ಲಿ ನೆಲಸಿದವರದು. ಆರು ನಿಮಿಷದ ಹಾಡಿನಲ್ಲಿ ಕನ್ನಡಕ್ಕೆ ಬಂದ ಪಾಲು ಒಂದೇ ಸಾಲು. ನಾವು ಮಕ್ಕಳು ಅದೊಂದನ್ನು ಕಿರಿಚಿ ಹಾಡಿ, ಉಳಿದದ್ದಕ್ಕೆ ಸುಮ್ಮನಿರುತ್ತಿದ್ದೆವು.

ಕಾರ್ಟೂನುಗಳನ್ನು ಮರೆತೆನೆಂದು ಕಿರಿಯ ವಾಚಕರು ದೂರಬಾರದು. ಸ್ಪೈಡರ್‌ಮ್ಯಾನ್, ಹೀ-ಮ್ಯಾನ್ ನಮ್ಮ ಪಾಲಿಗೂ ಬಂದಿದ್ದರು. ಅವುಗಳಿಗಿಂತ ನನ್ನ ಮನಸ್ಸಿನಲ್ಲಿ ನಿಂತದ್ದು ಹಕ್ಕಿಗಳೆಲ್ಲ ಕೂಡಿ ಬಲೆಯನ್ನೇ ಎತ್ತಿಕೊಂಡು ಹಾರುವ ‘ಏಕ್ ಅನೇಕ್ ಔರ್ ಏಕತಾ’. 1974ರಲ್ಲಿ ಫಿಲ್ಮ್ಸ್ ಡಿವಿಜನ್ನಿಗಾಗಿ ವಿಜಯಾ ಮುಳೆ ಮಾಡಿದ್ದು. 1993ರಲ್ಲಿ ‘ಜಂಗಲ್ ಬುಕ್’ ಬಂತು. ಜಪಾನಿನಲ್ಲಿ ಚಿತ್ರಿಸಿದ್ದು, ಹಾಡು ಗುಲ್ಜಾರರದು, ರಾಗ ವಿಶಾಲ್ ಭಾರದ್ವಾಜರದು, ಶೇರ್ ಖಾನನ ದನಿ ನಾನಾ ಪಾಟೇಕರರದು. ನಾನಾಗಲೇ ಮೀಸೆ ಚಿಗುರಿದ ಹುಡುಗ. ಅಭ್ಯಾಸದ ಪುಸ್ತಕ ಮುಂದಿಟ್ಟುಕೊಂಡು ತಂಗಿಯ ಹೆಗಲ ಮೇಲಿಂದ ನೋಡುತ್ತಿದ್ದೆ.

ಎರಡನೆಯ ವಿಚಾರ ಹಣಕಿ ಹಾಕುವುದು ಇಲ್ಲಿ. ಅಜ್ಜಿ 1992ರಲ್ಲಿ ತೀರಿಕೊಂಡಿದ್ದಳು. ಮೋಗ್ಲಿ ಹಿಂದಿಯಲ್ಲಿ ಮಾತಾಡಿದ. ಅವನನ್ನು ನೋಡಿ ನಮ್ಮ ತಂಗಿ ಗೊಂಬೆಗಳ ಜೊತೆ ಹಿಂದಿಯಲ್ಲಿ ಮಾತಾಡತೊಡಗಿದಳು. ಮಗು ಗೊಂಬೆಯ ಜೊತೆ ಆಡುವ ಮಾತೇ ಅದರ ನಿಜವಾದ ಮಾತೆಂದು ನನ್ನ ಅಂದಾಜು. ಮುಂದೆ ಕಾರ್ಟೂನಿನ ಚಾನೆಲ್ಲುಗಳು ಬಂದುವು. ಹಿಂದಿ, ತಮಿಳು, ತೆಲುಗುಗಳಲ್ಲಿ ಬಂದುವು. ಕನ್ನಡದಲ್ಲಿ ಬರಲಿಲ್ಲ. 1960ರ ದಶಕದಲ್ಲಿ ಕನ್ನಡ ಚಿತ್ರರಂಗವನ್ನು ಬದುಕಿಸಲು ಹಿರಿಯರು ಡಬ್ಬಿಂಗಿಗೆ ಬೇಡವೆಂದರು. ಆ ಕಾಲಕ್ಕೆ ಅದರಲ್ಲಿ ಅರ್ಥವಿತ್ತು. ಬೆಂಗಳೂರಿನಲ್ಲೇ ಕನ್ನಡ ಚಿತ್ರಕ್ಕೆ ಟಾಕೀಸು ಸಿಗದ ದಿನಗಳು ಅವು. ಆದರೆ ಬೇಲಿ ಹಾಕಿದವರ ಲೆಕ್ಕದಲ್ಲಿ ನಮ್ಮ ಮಕ್ಕಳು ಇರಲಿಲ್ಲ. ಊರಿನ ಮಗುವಿಗೆ ಬೀದಿಯಲ್ಲಿ, ಶಾಲೆಯಲ್ಲಿ ಕನ್ನಡ ಸಿಕ್ಕೀತು. ಪುಣೆಯ, ಹೈದರಾಬಾದಿನ ಮಗುವಿಗೆ ಮನೆಯ ನಾಲ್ಕು ಗೋಡೆಯ ಒಳಗೆ ಸಿಕ್ಕಷ್ಟೇ. ಆ ಗೋಡೆಯೊಳಗೆ ಟೀವಿಯೇ ಎಲ್ಲರಿಗಿಂತ ಹೆಚ್ಚು ಮಾತಾಡುವ ಸದಸ್ಯ! ಮಕ್ಕಳಿಗೆಂದೇ ‘ಚಿಂಟು’ ಚಾನೆಲ್ 2009ರಲ್ಲಿ ಬಂತು. ಡಬ್ಬಿಂಗಿನ ತಡೆ ಸಲ್ಲದೆಂದು ಸ್ಪರ್ಧಾ ಆಯೋಗ 2015ರಲ್ಲಿ ತೀರ್ಪು ಕೊಟ್ಟಿತು. 2020ರ ಲಾಕ್‌ಡೌನಿನಲ್ಲಿ ಸ್ಟಾರ್ ವಾಹಿನಿಯ ಹೊಸ ‘ಮಹಾಭಾರತ’ ಕನ್ನಡದ ಮಾತಿನಲ್ಲಿ ಬಂದಾಗ ಜನ ಕಣ್ಣರಳಿಸಿ ನೋಡಿದರು. ಇವೆಲ್ಲ ಒಳ್ಳೆಯದೇ. ಆದರೆ ನಮ್ಮ ತಂಗಿಯ ಗೊಂಬೆಗಳು ಅಷ್ಟರಲ್ಲಿ ಮೂಲೆ ಸೇರಿದ್ದುವು.

ಆ ತಂಗಿ ಈಗ ಪುಣೆಯಲ್ಲಿದ್ದಾಳೆ. ಮಗಳಿಗೆ ಎಂಟು ವರ್ಷ. ಹೋದ ದೀಪಾವಳಿಗೆ ಎಲ್ಲರೂ ಅಲ್ಲಿ ಕೂಡಿದ್ದೆವು. ಫೋನಿನಲ್ಲಿ ಮಾಲ್ಗುಡಿ ಹಾಕಿ ಕೊಟ್ಟೆ. ಹುಡುಗಿ ಎರಡು ಕಂತು ನೋಡಿ ಕೇಳಿದಳು: “ಮಾಮಾ, ಇವರೆಲ್ಲಾ ನಮ್ಮ ಮಂದಿ ಅಂತೀ, ಮತ್ತ ಹಿಂದಿ ಯಾಕ ಮಾತಾಡತಾರ? ಇವರೂ ಪುಣೇದಾಗ ಇರತಾರೇನು?”

ಎಂಬತ್ತೆರಡರ ನಮ್ಮ ತಂದೆ ಇದಕ್ಕೆ ಉಪಾಯ ಹೇಳಿದರು. ದನಿ ಬಂದು ಮಾಡಿಸಿದರು. ಮಾತುಗಳನ್ನು ನಮ್ಮೊಳಗೆ ಹಂಚಿದರು. ಸ್ವಾಮಿ ಸೋದರಸೊಸೆಯ ಪಾಲಿಗೆ, ಅಜ್ಜಿ ನಮ್ಮ ತಂಗಿಯ ಪಾಲಿಗೆ, ಗೆಳೆಯರೆಲ್ಲ ನನ್ನ ಪಾಲಿಗೆ, ಬೆತ್ತದ ಹೆಡ್‌ಮಾಸ್ತರು ತಂದೆಯ ಪಾಲಿಗೆ. ಹುಡುಗಿಯ ಕನ್ನಡದಲ್ಲಿ ಕಾಲು ಪಾಲು ಮರಾಠಿ ಸೇರಿತ್ತು, ಯಾರೂ ತಿದ್ದಲಿಲ್ಲ. ಹೆಡ್‌ಮಾಸ್ತರು ಮಾತ್ರ ಗದಗಿನ ಕನ್ನಡದಲ್ಲಿ ಎಷ್ಟು ಜೋರಾಗಿ ಗದರಿದರೆಂದರೆ, ಪಕ್ಕದ ಮನೆಯವರು ಬಂದು ಎಲ್ಲ ಕ್ಷೇಮವೇ ಎಂದು ವಿಚಾರಿಸಿದರು. ಅವರನ್ನೂ ಕೂಡಿಸಿಕೊಂಡೆವು. ನಲವತ್ತೈದು ರೂಪಾಯಿಯ ಕಥೆ ಬರುವ ರಜೆಗೆ ಇಟ್ಟಿದ್ದೇವೆ. ವೆಂಕಟರಾವ್ ಯಾರಾಗಬೇಕೆಂಬ ಚರ್ಚೆ ಇನ್ನೂ ಮುಗಿದಿಲ್ಲ.